ಯಜಮಾನರ ಸ್ಕೂಟರಿಗೊಂದು ಮನೆ

ಬೆಳಗಿನ ಬಸ್ಸಿಗೆ ಕೂಡ್ಲಿಗಿ ಬಿಟ್ಟೆ. ಹೆಂಗಸರಿಗೆ ಟಿಕೆಟ್ ಉಚಿತ, ಆದರೆ ಸೀಟಿಗಾಗಿ ನಡೆಯುವ ಯುದ್ಧದಲ್ಲಿ ಸೈನಿಕನ ಹೆಂಡತಿಯಾದ ನಾನೇ ಸೋತೆ. ಹಗರಿಬೊಮ್ಮನಹಳ್ಳಿಯವರೆಗೆ ನಿಂತೇ ಹೋದೆ.

ಗಡಿಯಲ್ಲಿ ಕಾಲು ಕಳೆದುಕೊಂಡ ನಮ್ಮ ಯಜಮಾನರು ಪಕ್ಕಕ್ಕೆರಡು ಗಾಲಿ ಜೋಡಿಸಿದ ಸ್ಕೂಟರ್ ಓಡಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಅದು ಟಾರ್ಪಾಲಿನಡಿ ಸೇರಿತು. ಅಂಥ ಇನ್ನೊಬ್ಬ ಸೈನಿಕನಿಗೆ ಅದು ಸಿಗಬೇಕು, ಗುಜರಿಗಲ್ಲ ಎಂಬುದು ನನ್ನ ಹಟ. ನಂಬುವಂಥ ಸಂಸ್ಥೆ ಹುಡುಕಿಕೊಂಡೇ ಹೊರಟಿದ್ದೆ.

ಮೊದಲು ಹೋದ ಟ್ರಸ್ಟಿನಲ್ಲಿ ಅಧ್ಯಕ್ಷರು ಎದ್ದು ಬಂದು ಕೈಮುಗಿದರು.

"ಗಾಡಿ ತಂದುಬಿಡ್ರಿ ಅಮ್ಮಾರ. ದೊಡ್ಡ ಸಮಾರಂಭ ಮಾಡಿ ನಿಮಗ ಶಾಲು ಹೊದಿಸ್ತೀವಿ."

"ಶಾಲು ಮನಿಯಾಗ ಅದಾವ. ಗಾಡಿ ಯಾರಿಗೆ ಕೊಡ್ತೀರಿ?"

"ಅದನ್ನ ಆಮ್ಯಾಲೆ ನೋಡೋಣು."

ಗೋಡೆ ತುಂಬ ಸನ್ಮಾನದ ಫೋಟೋಗಳು, ಹೆಚ್ಚಿನವು ಅಧ್ಯಕ್ಷರವೇ. ನಮಸ್ಕಾರ ಹೇಳಿ ಎದ್ದೆ. ನಿಲ್ದಾಣದಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು ಹಡಗಲಿ ಬಸ್ಸು ಹತ್ತಿದೆ. ಈ ಸಲ ಸೀಟು ಸಿಕ್ಕಿತು.

ಹಡಗಲಿಯ ಮಾಜಿ ಸೈನಿಕರ ಸಂಘ ಟೈಲರ್ ಅಂಗಡಿಯ ಹಿಂದಿನ ಕೋಣೆಯಲ್ಲಿತ್ತು. ನಿವೃತ್ತ ಹವಾಲ್ದಾರ್ ಬಸಪ್ಪ ನನ್ನ ಮಾತೆಲ್ಲ ಕೇಳಿ, ಸಂಘದ ಬಗ್ಗೆ ಒಂದು ಮಾತೂ ಹೊಗಳಿಕೊಳ್ಳದೆ, ಮಂಜುನಾಥ ಎಂಬ ಮಾಜಿ ಸಿಪಾಯಿಯ ಮನೆಯ ದಾರಿ ಹೇಳಿದರು. ಏನಾದರೂ ಕೊಡುವವರು ಮೊದಲು ಸಂಘದಿಂದ ನೆರವು ಪಡೆದವರೊಬ್ಬರನ್ನು ಕಾಣಬೇಕು, ಅದೂ ಒಬ್ಬರೇ ಹೋಗಿ. ಅದು ಅವರ ಸಂಘದ ಕಟ್ಟಳೆ.

"ನಾವು ಜೊತಿಗೆ ಬಂದ್ರ ಆತ ನಮ್ಮ ಮಾರಿ ನೋಡಿ ಚೊಲೋ ಮಾತು ಆಡ್ತಾನ, ಅಕ್ಕಾರ. ನೀವೊಬ್ರ ಹೋಗ್ರಿ."

ಆಟೋದಲ್ಲಿ ಹೋದೆ. ಮಂಜುನಾಥ ಮನೆಯ ಮುಂದಿನ ಮಲ್ಲಿಗೆ ತೋಟದಲ್ಲಿದ್ದ, ಒಂದು ಕಾಲು ಕೃತಕ. ಸಂಘ ಹೇಗೆ ಎಂದು ಕೇಳಿದ್ದೇ ತಡ, ಬೈಯತೊಡಗಿದ.

"ಮೊದಲ ಕೊಡ್ಸಿದ ಕಾಲು ಸರಿ ಕೂಡ್ಲಿಲ್ಲರಿ. ಹುಣ್ಣಾತು. ಮಂದಿ ಮುಂದ ಅವರನ್ನ ಜಾಡಿಸಿಬಿಟ್ಟೆ."

"ಆಮ್ಯಾಲೆ?"

"ತಾವ ಕರಕೊಂಡು ಹೋಗಿ ಬ್ಯಾರೆ ಮಾಡಿಸಿದ್ರು. ಈಗೂ ಬರ್ತಾರ ನೋಡ್ರಿ, ಬೈಸಿಕೊಳ್ಳಾಕ!"

ನಕ್ಕುಬಿಟ್ಟೆ. ಎಷ್ಟೋ ದಿನದ ಭಾರ ಇಳಿದಂತಾಯಿತು. ಬೈಯಲು ಅಂಜದವನ ಮಾತನ್ನು ನಂಬದೆ ಇನ್ಯಾರನ್ನು ನಂಬಲಿ? ಹೂವನ್ನು ಮಾರುಕಟ್ಟೆಗೆ ಹೇಗೆ ಒಯ್ಯುತ್ತೀ ಎಂದೆ.

"ಯಾರದರ ಗಾಡಿ ಕಾಯಬೇಕ್ರಿ. ಅಷ್ಟರಾಗ ಮೊಗ್ಗು ಅರಳಿಬಿಡ್ತಾವ."

ಸ್ಕೂಟರ್ ಯಾರಿಗೆಂದು ಅಲ್ಲೇ ನಿಶ್ಚಯಿಸಿದೆ. ಹೊರಡುವಾಗ ಅವನು ಒಂದು ಮೊಳ ಮಲ್ಲಿಗೆ ತಂದ. ಗಂಡ ಹೋದ ಮೇಲೆ ನನಗೆ ಯಾರೂ ಹೂವು ಕೊಟ್ಟಿರಲಿಲ್ಲ. ನಾನು ಹಿಂಜರಿದದ್ದು ಕಂಡು, "ಅಕ್ಕಗ ಕೊಡಾಕತ್ತೀನಿ, ತಗೋರಿ" ಎಂದ.

ಸಂಘಕ್ಕೆ ಮರಳಿ ವಿಷಯ ಹೇಳಿದೆ. ಭಾನುವಾರ ಮೆಕ್ಯಾನಿಕ್ ಕರೆದುಕೊಂಡು ಬಂದು ಸ್ಕೂಟರ್ ಒಯ್ಯುವುದಾಗಿ ಬಸಪ್ಪ ಒಪ್ಪಿದರು. ಸಂಜೆ ಮನೆಗೆ ಬಂದವಳೇ ಟಾರ್ಪಾಲು ತೆಗೆದು ಸೀಟು ಒರೆಸಿದೆ. ಅರ್ಧ ಮಾಲೆಯನ್ನು ಹ್ಯಾಂಡಲಿಗೆ ಸುತ್ತಿದೆ. ಉಳಿದರ್ಧ ನಾನೇ ಮುಡಿದೆ.