ಮೆಟ್ಟಿಲಿನ ಕೆಳಗೆ ಕೂತ ವಾಸು ಆಚಾರಿ

ಹಳೆಯ ಕಟ್ಟಡಗಳ ಮೆಟ್ಟಿಲು ಹತ್ತುವಾಗ ವಾಸು ಆಚಾರಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು. “ಇದೇನು ದೇವಸ್ಥಾನವೇ?” ಎಂದು ನಾನೊಮ್ಮೆ ನಕ್ಕೆ. “ಭಕ್ತಿ ಅಲ್ಲ ಮೇಡಂ. ಯಾವ ಹಲಗೆ ಸಡಿಲ ಉಂಟು ಅಂತ ಮೊದಲು ಕಾಲಿಗೆ ಗೊತ್ತಾಗ್ತದೆ” ಎಂದರು.

ಕಾರ್ಕಳದ ಕಡೆಯವರು. ಊರಿನ ಹುಡುಗರೆಲ್ಲ ಮುಂಬೈಗೆ ಬಂದು ಹೋಟೆಲು ಸೇರಿದರೆ ಇವರು ಬಡಗಿಯ ಉಳಿ ಬಿಡಲಿಲ್ಲ. ಅಲ್ಲಿನ ಹಳೆಯ ಬಡಾವಣೆ ಫೋರ್ಟಿನ ಕಿಟಕಿ, ಬಾಲ್ಕನಿ, ಮೆಟ್ಟಿಲುಗಳ ರಿಪೇರಿಯಲ್ಲೇ ತಲೆ ನರೆಯಿತು. ಅಲ್ಲಿನ ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿ, ವಕೀಲರೊಬ್ಬರ ಆಫೀಸಿನಲ್ಲಿ, ನಾನು ಸ್ಟೆನೊ ಆಗಿದ್ದೆ. ಮೇಲಿನ ಮಹಡಿಯಲ್ಲಿ ಕಟ್ಟಡದ ಒಡತಿ ಫ್ರೆನಿಬಾಯಿ ಎಂಬ ಪಾರ್ಸಿ ಮುದುಕಿ. ನೆಲಮಹಡಿಯಲ್ಲಿ ಬೋಹ್ರಾ ಸಾಹೇಬರೊಬ್ಬರ ಗಡಿಯಾರದ ಅಂಗಡಿ. ಆಚಾರಿ ಫ್ರೆನಿಬಾಯಿಯ ಜೊತೆ ಹರಕುಮುರುಕು ಗುಜರಾತಿ, ಸಾಹೇಬರ ಜೊತೆ ಹಿಂದಿ, ನನ್ನ ಜೊತೆ ಕನ್ನಡ ಮಾತಾಡುವರು. ಮರವನ್ನು ಬೈಯುವುದು ಮಾತ್ರ ತುಳುವಿನಲ್ಲಿ.

ಒಂದು ಮಳೆಗಾಲ ಮೆಟ್ಟಿಲಿನ ಹಲಗೆ ಮುರಿದು ಅಂಚೆಯವನ ಕಾಲು ಸಿಕ್ಕಿಕೊಂಡಿತು. ಪರೀಕ್ಷಿಸಲು ಬಂದ ಎಂಜಿನಿಯರು, ಎಲ್ಲ ಕಿತ್ತು ಕಬ್ಬಿಣದ ಮೆಟ್ಟಿಲು ಹಾಕಿಸಿ ಎಂದರು. ಕಟ್ಟಡದ ವ್ಯವಹಾರ ನೋಡುತ್ತಿದ್ದ ಫ್ರೆನಿಬಾಯಿಯ ಅಣ್ಣನ ಮಗ ಒಪ್ಪಿಯೂ ಬಿಟ್ಟ. ಅದೇ ಮೆಟ್ಟಿಲು ಹತ್ತಿ ಮದುಮಗಳಾಗಿ ಬಂದಿದ್ದ ಫ್ರೆನಿಬಾಯಿಗೆ ಮಾತ್ರ ಅದು ಇಷ್ಟವಿರಲಿಲ್ಲ.

ಮೆಟ್ಟಿಲಿನ ಕಟಕಟೆ ಬಿಚ್ಚಿಕೊಡಲೆಂದು ಕರೆಸಿದ್ದ ಆಚಾರಿ ಏನನ್ನೂ ಬಿಚ್ಚಲಿಲ್ಲ. ಇಡೀ ದಿನ ಟಾರ್ಚು ಹಿಡಿದು ಮೆಟ್ಟಿಲಿನಡಿ ತೆವಳಿದರು. ಸಂಜೆ ಹೊರಬಂದು, “ಸಾಗುವಾನಿ ಕಲ್ಲಿನ ಹಾಗೆ ಉಂಟು. ಪೈಪಿನ ನೀರು ಬಿದ್ದು ಒಂದು ತೊಲೆ, ನಾಲ್ಕು ಹಲಗೆ ಹಾಳಾಗಿದೆ, ಅಷ್ಟೇ. ಹದಿನೈದು ದಿನ ಕೊಡ್ಲಿಕ್ಕೆ ಹೇಳಿ” ಎಂದರು. ನಾನು ಹೋಗಿ ಫ್ರೆನಿಬಾಯಿಗೆ ಹೇಳಿದೆ. ಅವರು ಒಪ್ಪಿದರು. ಅಷ್ಟು ದಿನ ಎಲ್ಲರೂ ಹಿಂಬದಿಯ ಕೆಲಸದವರ ಮೆಟ್ಟಿಲಿನಲ್ಲೇ ಓಡಾಡಿದೆವು.

ಹದಿನಾರನೆಯ ದಿನ ಬೆಳಿಗ್ಗೆ ಕೆಲಸ ಮುಗಿದಿತ್ತು. ಆದರೆ ಹತ್ತುವ ಧೈರ್ಯ ಯಾರಿಗೂ ಇಲ್ಲ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ಆಚಾರಿ ನುಸುಳಿ ಮೆಟ್ಟಿಲಿನ ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತು, ಎಲ್ಲರೂ ಹತ್ತಿ, ಮುರಿದರೆ ನನ್ನ ತಲೆಯ ಮೇಲೇ ಬೀಳಲಿ ಎಂದು ಹಿಂದಿಯಲ್ಲಿ ಕೂಗಿದರು: “ಚಲೋ, ಸಬ್ ಲೋಗ್ ಊಪರ್ ಜಾವ್! ಟೂಟೇಗಾ ತೋ ಮೇರೇ ಸಿರ್ ಪೇ!”

ಮೊದಲು ಫ್ರೆನಿಬಾಯಿ ಕೋಲೂರಿ ಹತ್ತಿದರು. ಹಿಂದೆ ನಾನು, ನಮ್ಮ ವಕೀಲರು, ಬೋಹ್ರಾ ಸಾಹೇಬರು, ಕೊನೆಗೆ ಎಂಜಿನಿಯರು. ಒಂದು ಹಲಗೆಯೂ ಕಿರುಗುಟ್ಟಲಿಲ್ಲ. ಫ್ರೆನಿಬಾಯಿ ತಮ್ಮ ಬಾಗಿಲಲ್ಲಿ ನಿಂತು ಚಿಕ್ಕ ಹುಡುಗಿಯಂತೆ ಚಪ್ಪಾಳೆ ತಟ್ಟಿದರು.

“ಹೆದರಿಕೆ ಆಗ್ಲಿಲ್ವಾ?” ಎಂದು ಆಮೇಲೆ ಕೇಳಿದೆ.

“ಆಗದೆ ಉಂಟಾ ಮೇಡಂ? ಅದಕ್ಕೇ ನಾಲ್ಕು ಸಲ ಬಿಚ್ಚಿ ಕೂಡಿಸಿದ್ದು.”

ಕಣ್ಣು ಮಂಜಾದ ಮೇಲೆ ಅವರು ಮುಂಬೈನ ಹೊರವಲಯದ ಭಾಂಡುಪ್‌ನಲ್ಲಿ ಮಗಳ ಮನೆ ಸೇರಿದರು. ಹೋದ ಚಳಿಗಾಲ ಕಣ್ಣಿನ ಆಪರೇಷನ್ ಮಾಡಿಸಿಕೊಂಡು, ಒಂದು ಭಾನುವಾರ ಮೊಮ್ಮಗಳು ದಿಯಾಳ ಜೊತೆ ಫೋರ್ಟಿಗೆ ಬಂದರು. ನನ್ನನ್ನೂ ಕರೆದಿದ್ದರು. ಅದೇ ನಮ್ಮ ಕೊನೆಯ ಭೇಟಿ. ಮಳೆ ಹಿಡಿಯುವ ಹೊತ್ತಿಗೆ ಅವರಿರಲಿಲ್ಲ.

ಆ ಭಾನುವಾರ ಬೀದಿ ಖಾಲಿಯಿತ್ತು. ಎದುರಿನ ಫುಟ್‌ಪಾತಿನಲ್ಲಿ ನಿಂತು ನಮ್ಮ ಕಟ್ಟಡದ ಕಮಾನು, ಬಾಲ್ಕನಿಗಳನ್ನು ಒಂದೊಂದಾಗಿ ನೋಡಿದರು.

“ಅಜ್ಜ, ಯೇ ಬಾಲ್ಕನಿ... ನೀನು ಮಾಡಿದ್ದಾ?” ದಿಯಾ ಹಿಂದಿ ಬೆರೆತ ಅರೆಬರೆ ಕನ್ನಡದಲ್ಲಿ ತಡವರಿಸಿ ಕೇಳಿದಳು.

“ಇಲ್ಲ ಮಗಾ. ಮಾಡಿದವರು ಯಾರೋ. ನಾನು ಬೀಳದ ಹಾಗೆ ನೋಡಿಕೊಂಡೆ.”

ಆಮೇಲೆ ನನ್ನತ್ತ ತಿರುಗಿದರು. “ಇಷ್ಟು ವರ್ಷ ಇದರ ಒಳಗೇ ಇದ್ದೆ ಮೇಡಂ. ಎದುರಿಗೆ ನಿಂತು ನೋಡಿರಲೇ ಇಲ್ಲ. ಎಷ್ಟು ಚೆಂದ ಉಂಟಲ್ಲ!”