ಅವ್ವನ ಎಲುಬು, ಅಪ್ಪನ ಬಿಲ್ಲೆ

ನಮ್ಮಪ್ಪನಂಥ ಕೆಲಸಗಾರ ಬೆಟಗೇರಿಯಲ್ಲಿ ಇನ್ನೊಬ್ಬನಿಲ್ಲ ಎಂದು ಕಂಡಕಂಡವರ ಮುಂದೆ ಕೊಚ್ಚಿಕೊಂಡವಳು ನಾನೇ. ಆದ್ದರಿಂದ ತಪ್ಪು ಯಾರದೆಂದು ಕೇಳಿದರೆ ಬೆರಳು ಮೊದಲು ನನ್ನ ಕಡೆಗೇ ತಿರುಗಬೇಕು.

ಅಪ್ಪನದು ಲೇತ್ ಮಷೀನಿನ ಸಣ್ಣ ವರ್ಕ್‌ಶಾಪು. ನಾನು ಧಾರವಾಡದಲ್ಲಿ ಸಂಶೋಧನೆ ಮಾಡುತ್ತಿದ್ದೆ. ಮುರಿದ ಎಲುಬಿನ ಜಾಗದಲ್ಲಿ ಕೂಡಿಸುವ ಲೋಹದ ಮೈ ಹೇಗಿದ್ದರೆ ಎಲುಬಿನ ಜೀವಕೋಶಗಳು ಅದಕ್ಕೆ ಒಗ್ಗುತ್ತವೆ ಎಂಬುದು ನನ್ನ ವಿಷಯ. ತೀರ ನುಣುಪಾಗಿದ್ದರೆ ಅವು ಚಪ್ಪಟೆಯಾಗಿ ಹರಡಿಕೊಂಡು ಸುಮ್ಮನಾಗುತ್ತವೆ. ಹದವಾಗಿ ಒರಟಿದ್ದರೆ ಕಾಲೂರಿ, ಸುಣ್ಣದಂಶ ಕಟ್ಟಿಕೊಂಡು, ಎಲುಬಾಗಲು ಹೊರಡುತ್ತವೆ.

ಆ ಹೊತ್ತಿಗೇ ಅವ್ವ ಅಡರಕಟ್ಟಿಯ ತನ್ನ ತವರುಮನೆಯ ಬಚ್ಚಲಲ್ಲಿ ಜಾರಿ ತೊಡೆಯ ಎಲುಬು ಮುರಿದುಕೊಂಡಳು. ಆಪರೇಶನ್ನಿನಲ್ಲಿ ತೆಗೆದುಹಾಕುವ ಎಲುಬನ್ನು ನನ್ನ ಕೆಲಸಕ್ಕೆ ಕೇಳಿದೆ.

"ಹೆಂಗೂ ಚೆಲ್ಲೂ ಎಲುಬು ಹೌದಲ್ಲ? ಒಯ್ಯಿ" ಎಂದು ನಕ್ಕು ಕಾಗದಕ್ಕೆ ಸಹಿ ಹಾಕಿದಳು.

ಅದರಿಂದ ಬೆಳೆಸಿದ ಜೀವಕೋಶಗಳನ್ನು ಸಣ್ಣ ಶೀಶೆಗಳಲ್ಲಿ ಹೆಪ್ಪುಗಟ್ಟಿಸಿ ಇಟ್ಟೆ. ಕೆಲವೇ ತಿಂಗಳಲ್ಲಿ ಅವ್ವ ಎದೆನೋವಿನಿಂದ ತೀರಿಕೊಂಡಳು. ಶೀಶೆಗಳು ಒಂದೊಂದೇ ಖರ್ಚಾಗಿ ಕೊನೆಗೆ ಒಂದು ಉಳಿಯಿತು.

ಆ ಒಂದಕ್ಕೆಂದು ಅಪ್ಪನಿಂದ ಟೈಟಾನಿಯಂ ಬಿಲ್ಲೆಗಳನ್ನು ಮಾಡಿಸಿದೆ. ಅರ್ಧ ನುಣುಪಿನವು, ಇನ್ನರ್ಧ ಮರಳು ಹೊಡೆಸಿ ಒರಟು ಮಾಡಿದವು. "ಇವು ಯಾತಕ್ಕವಾ?" ಎಂದು ಅಪ್ಪ ಫೋನಿನಲ್ಲಿ ಕೇಳಿದ.

"ಅವ್ವನ ಎಲುಬಿನ ಜೀವಕೋಶ ಇವುಗಳ ಮ್ಯಾಲೆ ಬೆಳಸ್ತೀನಿ. ನಾ ಹೇಳಿದಷ್ಟು ಮಾಡು, ಜಲ್ದಿ ಮಾಡು."

ಬೀಸುಕಲ್ಲು ಸವೆದು ನುಣುಪಾದರೆ ಜೋಳ ಹಿಡಿಯುವುದಿಲ್ಲ, ಅದಕ್ಕೇ ಉಳಿ ಹೊಡೆಸುತ್ತಾರೆ. ಇದೂ ಹಾಗೆಯೇ ಎಂದು ಒಂದು ಮಾತು ಹೇಳಿದ್ದರೆ ಅವನಿಗೆ ತಿಳಿಯುತ್ತಿತ್ತು. ಇದೇ ವಿಷಯದ ಮೇಲೆ ಊರೂರು ತಿರುಗಿ ಭಾಷಣ ಕೊಡುವ ನನಗೆ ಅಪ್ಪನಿಗೆ ಇಷ್ಟು ಹೇಳಲು ಪುರಸೊತ್ತಿರಲಿಲ್ಲ.

ಬಿಲ್ಲೆಗಳು ಬಂದವು. ಮೊದಲು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಬೇಕಿತ್ತು. ಅಪ್ಪ ಮಾಡಿದ್ದು, ನೋಡುವುದೇನು ಎಂದು ಬಿಟ್ಟೆ. ಕೊನೆಯ ಶೀಶೆಯನ್ನು ಕರಗಿಸಿ, ಇದ್ದಷ್ಟನ್ನೂ ಅವುಗಳ ಮೇಲೆ ಹಾಕಿದೆ. ವಾರಗಳು ಕಳೆದವು. ಒರಟಿನ ಮೇಲೆಯೂ ಅಷ್ಟೇ, ನುಣುಪಿನ ಮೇಲೆಯೂ ಅಷ್ಟೇ: ಜೀವಕೋಶಗಳು ಚಪ್ಪಟೆಯಾಗಿ ಹರಡಿ ಸುಮ್ಮನಾಗಿದ್ದವು. ಆಮೇಲೆ, ಬಳಸದೆ ಉಳಿದಿದ್ದ ಒಂದು ಒರಟು ಬಿಲ್ಲೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಅದರ ಮೇಲಿನ ಸಣ್ಣ ಮೊನೆಗಳನ್ನೆಲ್ಲ ಯಾರೋ ಉಜ್ಜಿ ಸಪಾಟು ಮಾಡಿದ್ದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಬೆಳಗಿನ ಮೊದಲ ಬಸ್ಸಿಗೆ ಬೆಟಗೇರಿಗೆ ಹೋಗಿ, ವರ್ಕ್‌ಶಾಪಿನ ಬಾಗಿಲಲ್ಲೇ ಬಿಲ್ಲೆ ತೋರಿಸಿ ಕೇಳಿದೆ.

"ಹೂಂ, ನಾನ ಉಜ್ಜೀನಿ" ಎಂದ ಅಪ್ಪ ಅಭಿಮಾನದಿಂದ. "ಮರಳು ಹೊಡಸಿದ ಮ್ಯಾಲೆ ಬಾಳ ಚುಚ್ಚತಿದ್ವು. ನಿಮ್ಮವ್ವನ್ನ ಅದರ ಮ್ಯಾಲೆ ಮಲಗಸ್ತಾರೇನು? ಮಷೀನಿಗೆ ಹಚ್ಚಲಿಲ್ಲ, ಒಂದೊಂದೂ ಕೈಲೇ ಉಜ್ಜೀನಿ."

"ನಿನಗ ಯಾರ ಹೇಳಿದ್ರು ಉಜ್ಜಾಕ? ಎಲ್ಲಾ ಹಾಳು ಮಾಡಿದಿ!" ಎಂದು ಬೀದಿಯವರು ನಿಂತು ನೋಡುವಂತೆ ಕೂಗಾಡಿದೆ. ನನ್ನ ಸಂಶೋಧನೆಯ ಗೈಡು ಬೇರೆ ರೋಗಿಯ ಎಲುಬಿನಿಂದ ಮತ್ತೆ ಶುರು ಮಾಡಿ ಎಂದಿದ್ದರು; ಅವರಿಗೆ ಅದು ಸುಲಭದ ಮಾತು.

ಅಪ್ಪ ಕೈ ಒರೆಸಿಕೊಂಡು ಮೆಲ್ಲಗೆ ಅಂದ, "ಇರಲಿ ಬಿಡವಾ, ಇನ್ನೊಮ್ಮೆ ಮಾಡಿ ಕೊಡ್ತೀನಿ. ಈ ಸಲ ಮುಟ್ಟೂದಿಲ್ಲ."

"ಮಾಡಿ ಯಾತಕ್ಕ? ಅವ್ವನದು ಇನ್ನೇನೂ ಉಳದಿಲ್ಲ. ಅದ ಕಡೀದು."

ಅವನು ಸ್ಟೂಲಿನ ಮೇಲೆ ಕುಳಿತ. ಇಷ್ಟು ದಿನ ಅವನು ಏನು ತಿಳಿದುಕೊಂಡಿದ್ದನೆಂದು ನಾನು ಒಮ್ಮೆಯೂ ಕೇಳಿರಲಿಲ್ಲ.

"ಹಂಗಾರ," ಎಂದ ಅಪ್ಪ, "ನಿಮ್ಮವ್ವ ಈಗ ಪೂರಾ ಹೋದ್ಲೇನು?"

ಸಿಟ್ಟು ಇನ್ನೂ ಇಳಿದಿರಲಿಲ್ಲ. "ಹೂಂ" ಅಂದೆ.