ಕಣ್ಣು ತಗ್ಗಿಸಿದ ಹೊತ್ತು

ಸಾಹೇಬರ ಎರಡು ತೋರುಬೆರಳುಗಳ ತುದಿ ಚಪ್ಪಟೆಯಾಗಿತ್ತು. ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆಯನ್ನು ಆ ಎರಡೇ ಬೆರಳಿನಲ್ಲಿ ಟೈಪ್ ಮಾಡುತ್ತ ಅವರ ನೌಕರಿ ಮುಗಿದಿತ್ತು. ನಿವೃತ್ತರಾದ ಮೇಲೆ ಮಳವಳ್ಳಿಯಲ್ಲಿ, ತಮ್ಮನ ವೆಲ್ಡಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ, ಭಾನುವಾರ ಬೆಳಿಗ್ಗೆ ನಮ್ಮಂಥ ಏಳೆಂಟು ಜನಕ್ಕೆ ಪಾಠ ಮಾಡುತ್ತಿದ್ದರು. ಪ್ರತಿಭಟನೆ ನಡೆಯುವ ಕಡೆ ಘೋಷಣೆ ಕೂಗದೆ, ಬಾವುಟ ಹಿಡಿಯದೆ, ಬದಿಗೆ ನಿಂತು, ಪೊಲೀಸರು ಮಾಡಿದ್ದನ್ನೂ ಜನ ಮಾಡಿದ್ದನ್ನೂ ಕಂಡ ಹಾಗೆ ಬರೆದುಕೊಳ್ಳುವುದು ನಮ್ಮ ಕೆಲಸ. ಆ ಬರಹ ನಾಳೆ ಕೋರ್ಟಿನಲ್ಲಿ ನಿಲ್ಲಬೇಕು.

ಪಾಠದ ನಡುವೆ ಸಾಹೇಬರ ತಮ್ಮ, ಮೊದಲೇ ಹೇಳಿಕೊಟ್ಟಂತೆ, ಒಳಗೆ ಬಂದು ಸ್ಟೂಲು ಒದ್ದು ಹೋಗುತ್ತಿದ್ದರು. ನಾವು ಅದನ್ನು ಬರೆಯಬೇಕು. ಒಮ್ಮೆ ನಾನು 'ಸಿಟ್ಟಿನಿಂದ ಒದ್ದರು' ಎಂದು ಬರೆದಿದ್ದೆ.

"ಸಿಟ್ಟು ಯಾವ ಬಣ್ಣ ಇತ್ತಪ್ಪ?" ಎಂದರು ಸಾಹೇಬರು.

"ಸಿಟ್ಟಲ್ಲ ಕಣಣ್ಣ, ಒಟ್ಟೆ ಅಸ್ದಿತ್ತು," ಎಂದರು ಬಾಗಿಲಲ್ಲಿ ನಿಂತಿದ್ದ ಆ ತಮ್ಮ.

ಸಾಹೇಬರು ಪದೇ ಪದೇ ಹೇಳುತ್ತಿದ್ದುದು ಒಂದೇ: "ಮೊದಲು ಗಡಿಯಾರ, ಆಮೇಲೆ ಪೆನ್ನು."

ನಾಲೆ ನೀರಿಗಾಗಿ ಹನಕೆರೆ ಹತ್ತಿರ ರಸ್ತೆ ತಡೆ ನಡೆದ ದಿನ ಟೀ ಅಂಗಡಿಯ ಪಕ್ಕ ನಾನೊಬ್ಬನೇ ನಿಂತಿದ್ದೆ. ಎದುರಿಗೆ ರಸ್ತೆಯ ಮೇಲೆ, ಜನರ ನಡುವೆ, ಚಿಕ್ಕರಸಿನಕೆರೆಯ ಪಂಪ್‌ಸೆಟ್ ಮೆಕ್ಯಾನಿಕ್ ಒಬ್ಬ ಕೈಕಟ್ಟಿ ಕೂತಿದ್ದ. ಪೊಲೀಸರು ಜನರನ್ನು ಎಬ್ಬಿಸತೊಡಗಿದರು. ನಾನು ಗಡಿಯಾರ ನೋಡಿದೆ, ಹೊತ್ತು ಬರೆದೆ. ಗಾಜು ಒಡೆದ ಸದ್ದಾಯಿತು. ತಲೆಯೆತ್ತಿದಾಗ, ಜನ ತಡೆದು ನಿಲ್ಲಿಸಿದ್ದ ಬಸ್ಸಿನ ಮುಂಗಾಜು ಇರಲಿಲ್ಲ. ಇಬ್ಬರು ಪೊಲೀಸರು ಆ ಮೆಕ್ಯಾನಿಕ್‌ನನ್ನು ಹಿಡಿದಿದ್ದರು. ಅವನ ಕೈ ಖಾಲಿ ಇತ್ತು.

ಮಾರನೆಯ ದಿನ ನಾನು ಸಾಹೇಬರಿಗೆ ಬರಹ ತೋರಿಸಲು ಹೋಗಿದ್ದಾಗ ಅವನ ತಾಯಿ ಆ ಕೋಣೆಗೆ ಬಂದರು.

"ನೀನು ಅಲ್ಲೇ ಇದ್ಯಂತಲ್ಲಪ್ಪ. ನನ್ ಮಗ ಕಲ್ಲು ಎಸೀಲಿಲ್ಲ ಅಂತ ಒಂದ್ ಮಾತು ಬರ್ಕೊಟ್ಬುಡು."

ಬರೆದುಕೊಟ್ಟೆ. ಸಾಹೇಬರು ಹಾಳೆಯನ್ನು ಎರಡು ಸಲ ಓದಿದರು.

"ಗಾಜು ಒಡೆದಾಗ ನಿನ್ನ ಕಣ್ಣು ಎಲ್ಲಿತ್ತು?"

"ಪುಸ್ತಕದ ಮೇಲೆ."

ಆ ತಾಯಿಯ ಎದುರಿಗೇ ಆ ಸಾಲನ್ನು ಹೊಡೆದುಹಾಕಿದರು.

"ಅವ್ನು ಎಸ್ದಿಲ್ಲ ಸಾಹೇಬ್ರೇ. ಸುಳ್ಳೇನಲ್ವಲ್ಲ."

"ಇರಬೌದು ಕಣಮ್ಮ. ಇವನು ಕಂಡಿಲ್ಲ. ಒಂದೇ ಪ್ರಶ್ನೇಲಿ ಇದನ್ನ ಮುರೀತಾರೆ. ಆಮೇಲೆ ಖಾಲಿ ಕೈ ಕಂಡೆ ಅಂದ್ರೂ ನಂಬಲ್ಲ."

"ನಿಮ್ ಬರವಣ್ಗೆ ಸುದ್ದವಾಗೇ ಅದೆ. ನನ್ ಮಗ ಒಳ್ಗವ್ನೆ."

ಆ ತಾಯಿ ಹೋದ ಮೇಲೆ ಸಾಹೇಬರು ನನ್ನ ಕಡೆ ತಿರುಗಿದರು. "ತಪ್ಪು ನಿಂದಲ್ಲ. ಒಬ್ಬನ್ನೇ ನಿಲ್ಲಿಸಿದ್ದು ನಾನು. ಗಡಿಯಾರ ನೋಡು ಅಂದಿದ್ದೂ ನಾನೇ."

ಮುಂದಿನ ಭಾನುವಾರದಿಂದ ನಮ್ಮನ್ನು ಜೋಡಿ ಮಾಡಿದರು: ಒಬ್ಬ ಬರೆಯಬೇಕು, ಇನ್ನೊಬ್ಬ ಕಣ್ಣು ತೆಗೆಯಕೂಡದು. ಆ ಮೆಕ್ಯಾನಿಕ್‌ಗೆ ಜಾಮೀನು ಸಿಗಲು ತಿಂಗಳುಗಳೇ ಹಿಡಿದವು. ಬಿಡುಗಡೆಯ ದಿನ ಮಂಡ್ಯದಲ್ಲಿ ಜೈಲಿನ ಹೊರಗೆ ಸಾಹೇಬರು ಬೆಳಿಗ್ಗೆಯಿಂದ ನಿಂತಿದ್ದರು; ನಾನೂ ಇದ್ದೆ. ಅವನು ಹೊರಬಂದು ಅವರನ್ನು ನೋಡಿದ, ಮುಂದೆ ನಡೆದ. ಸಾಹೇಬರು ಅವನನ್ನು ಕಂಡು ತಲೆಯಿಂದ ತೆಗೆದಿದ್ದ ಟೋಪಿಯನ್ನು ಎಷ್ಟೋ ಹೊತ್ತು ಮತ್ತೆ ಹಾಕಿಕೊಳ್ಳಲಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ಮೊಕದ್ದಮೆ ಇನ್ನೂ ಮುಗಿದಿಲ್ಲ. ನನಗೆ ಸಾಕ್ಷಿಯ ಸಮನ್ಸ್ ಬಂದಿದೆ. ಗಾಜು ಒಡೆಯುವ ಮೊದಲು ಅವನ ಕೈ ಕಂಡೆ, ಆಮೇಲೂ ಕಂಡೆ ಎನ್ನುತ್ತೇನೆ. ನಡುವೆ ಏನಾಯಿತು ಎಂದು ವಕೀಲರು ಕೇಳಿಯೇ ಕೇಳುತ್ತಾರೆ. ನೋಡಲಿಲ್ಲ ಎನ್ನಬೇಕು. ಹಾಗೆನ್ನುವುದನ್ನು ಕಲಿಸಿದವರು ಸಾಹೇಬರು. ಆ ತಾಯಿ ಅಲ್ಲೇ ಬೆಂಚಿನ ಮೇಲೆ ಕೂತಿರುವಾಗ ಅದನ್ನು ಹೇಗೆ ಹೇಳುವುದೆಂದು ಸಾಹೇಬರನ್ನೇ ಕೇಳೋಣವೆಂದರೆ ಅವರಿಲ್ಲ.